ಹಳೆಯ ಕುದುರೆಗೆ ಹೊಸ ಕಡಿವಾಣ

ಮೋಟಾರು ಕಾರನ್ನು ಕೊಳ್ಳಹೊರಟವರು ಅದು ಗಂಟೆಗೆ ಎಷ್ಟು ದೂರ ಓಡೀತೆಂದು ಕೇಳುತ್ತಾರೆ. ಲೀಟರು ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಕೊಟ್ಟೀತೆಂದು ವಿಚಾರಿಸುತ್ತಾರೆ. ಬಣ್ಣವನ್ನು ಮೆಚ್ಚಿ, ಆಸನದ ಮೆತ್ತೆಯನ್ನು ಒತ್ತಿ ನೋಡುತ್ತಾರೆ. ಓಡುತ್ತಿರುವ ಆ ಬಂಡಿ ಎಷ್ಟು ಅಳತೆಯೊಳಗೆ ನಿಂತೀತೆಂದು ಕೇಳುವವರು ಮಾತ್ರ ತೀರ ವಿರಳ. ಹೊಸ ಕಾರಿನ ಮಟ್ಟಿಗೆ ಈ ಔದಾಸೀನ್ಯದಿಂದ ಹೆಚ್ಚಿನ ಕೇಡಿಲ್ಲ. ಆ ಚಿಂತೆಯನ್ನು ತಯಾರಕನೂ ಸರ್ಕಾರವೂ ಹೊತ್ತಿರುತ್ತಾರೆ. ಆದರೆ ಅರುವತ್ತು ವರ್ಷದ ಹಿಂದಿನ ಕಾರೊಂದನ್ನು ಒಲವಿನಿಂದ ಸಿಂಗರಿಸಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಂದಿನ ರಸ್ತೆಗೆ ಇಳಿಸುವವನಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಅವನ ಮುಂದೆ ಓಡುವ ಹೊಸ ಕಾರು ಥಟ್ಟನೆ ನಿಲ್ಲಬಲ್ಲುದು. ಅದರ ಹಿಂದೆ ಇವನೂ ನಿಲ್ಲಬೇಕಲ್ಲ!

ಇಂತಹವರಲ್ಲಿ ಬಹುಮಂದಿ ಕೈಹಾಕುವ ಕೆಲಸವೊಂದುಂಟು. ಅದು ಕಾರಿನ ಹಿಂದಿನ ಗಾಲಿಗಳ ಡ್ರಮ್ ಬ್ರೇಕುಗಳನ್ನು ಕಳಚಿ ಡಿಸ್ಕ್ ಬ್ರೇಕುಗಳನ್ನು ಕೂರಿಸುವುದು. ಮಾತಿನಲ್ಲಿ ಇದು ಒಂದು ಸಾಲಿನ ಕೆಲಸ. ಆದರೆ ತಿಳಿಯದೆ ಮಾಡಿದರೆ ಮೊದಲಿಗಿಂತಲೂ ಅಪಾಯಕರವಾದ ಕಾರು ಸಿದ್ಧವಾಗುವ ಸಂಭವವೂ ಇದರಲ್ಲಿದೆ. ಹೇಗೆಂಬುದನ್ನು ಅರಿಯಲು ಲೋಕಪ್ರಸಿದ್ಧವಾದ ಕಾರೊಂದನ್ನೇ ನಿದರ್ಶನವಾಗಿ ಇಟ್ಟುಕೊಳ್ಳೋಣ.

ಅಮೆರಿಕದ ಫೋರ್ಡ್ ಕಂಪೆನಿಯು ೧೯೬೪ನೆಯ ಏಪ್ರಿಲ್ ೧೭ರಂದು ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ಮಸ್ಟಾಂಗ್ ಎಂಬ ಕಾರನ್ನು ಜನರ ಮುಂದಿಟ್ಟಿತು. ಮಸ್ಟಾಂಗ್ ಎಂದರೆ ಆ ದೇಶದ ಪಶ್ಚಿಮದ ಬಯಲುಗಳಲ್ಲಿ ಅಲೆಯುವ ಕಾಡುಕುದುರೆ. ಉದ್ದನೆಯ ಮೂತಿ, ಗಿಡ್ಡನೆಯ ಬೆನ್ನು, ಮುಂದಿನ ಜಾಲರಿಯಲ್ಲಿ ನಾಗಾಲೋಟದ ಕುದುರೆಯ ಚಿತ್ರ. ಜನ ಮುಗಿಬಿದ್ದರು. ಮೊದಲ ಹನ್ನೆರಡು ತಿಂಗಳಲ್ಲಿಯೇ ನಾಲ್ಕು ಲಕ್ಷಕ್ಕೂ ಮೀರಿ ಕಾರುಗಳು ಮಾರಾಟವಾದವು. ಅಷ್ಟೊಂದು ತಯಾರಾದುದರಿಂದಲೇ ಇಂದಿಗೂ ಅವು ಸಾಕಷ್ಟು ಉಳಿದಿವೆ, ಅವುಗಳ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುವವರೂ ಇದ್ದಾರೆ. ಆರು ಸಿಲಿಂಡರಿನ ಮಸ್ಟಾಂಗಿಗೆ ೯ ಅಂಗುಲದ ಡ್ರಮ್ಮುಗಳು, ಎಂಟು ಸಿಲಿಂಡರಿನದಕ್ಕೆ ೧೦ ಅಂಗುಲದವು. ಇವು ನಾಲ್ಕು ಗಾಲಿಗಳಿಗೂ ಇದ್ದವು. ಮುಂದಿನ ಗಾಲಿಗಳಿಗೆ ಡಿಸ್ಕ್ ಬೇಕೆಂದವರು ಹೆಚ್ಚಿನ ಹಣ ತೆರಬೇಕಾಗಿತ್ತು. ಹಿಂದಿನ ಗಾಲಿಗಳಿಗಂತೂ, ಹಣ ಕೊಡುತ್ತೇನೆಂದರೂ ಡಿಸ್ಕ್ ಇರಲಿಲ್ಲ.

ಡ್ರಮ್ಮಿನ ಗುಣ, ಡ್ರಮ್ಮಿನ ದೋಷ

ಡ್ರಮ್ ಎಂಬುದು ಗಾಲಿಯ ಜೊತೆಗೆ ತಿರುಗುವ, ಬೋಗುಣಿಯಾಕಾರದ ಎರಕದ ಕಬ್ಬಿಣ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಕಾಲಿನಿಂದ ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ದ್ರವದ ಒತ್ತಡವು ಈ ಶೂಗಳನ್ನು ಹೊರಕ್ಕೆ ತಳ್ಳಿ, ಬೋಗುಣಿಯ ಒಳಮೈಗೆ ಉಜ್ಜಿಸುತ್ತದೆ. ಇಲ್ಲಿ ಒಂದು ಚಮತ್ಕಾರವಿದೆ. ತಿರುಗುವ ಡ್ರಮ್ಮು ತನಗೆ ತಗುಲಿದ ಶೂವನ್ನು ತನ್ನೊಡನೆ ಎಳೆದುಕೊಳ್ಳಲು ನೋಡುತ್ತದೆ. ಎಳೆದಷ್ಟೂ ಶೂ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಮಸ್ಟಾಂಗಿನಲ್ಲಿ ಒಂದು ಶೂ ಇನ್ನೊಂದನ್ನೂ ತಳ್ಳುವಂತೆ ಜೋಡಿಸಿದ್ದರಿಂದ ಈ ಸಹಾಯ ಇಮ್ಮಡಿಸುತ್ತಿತ್ತು. ಕೋಮಲವಾದ ಪಾದವೂ ದೊಡ್ಡ ಕಾರನ್ನು ನಿಲ್ಲಿಸಬಹುದಾಗಿದ್ದುದು ಈ ಉಪಾಯದಿಂದಲೇ.

ದೋಷವಿರುವುದು ಶಾಖದಲ್ಲಿ. ಬ್ರೇಕು ವೇಗವನ್ನು ನುಂಗಿ ಅದನ್ನು ಶಾಖವಾಗಿ ಉಗುಳುವ ಯಂತ್ರ. ಜನರು ಕುಳಿತಾಗ ೧,೪೦೦ ಕಿಲೋಗ್ರಾಂ ತೂಗುವ ಕಾರು ಗಂಟೆಗೆ ೧೦೦ ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಲ್ಲಿ ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಮಂದಿಗೆಲ್ಲ ಕಾಫಿಗಾಗುವಷ್ಟು ನೀರು! ಒಲೆಯ ಮೇಲೆ ಐದಾರು ನಿಮಿಷ ಬೇಕಾಗುವ ಕೆಲಸ ಇಲ್ಲಿ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಒಮ್ಮೆ ನಿಲ್ಲಿಸಿದರೆ ಡ್ರಮ್ಮು ತಾಳಿಕೊಳ್ಳುತ್ತದೆ. ಆಗುಂಬೆಯಂತಹ ಘಟ್ಟದಿಂದ ಇಳಿಯುವಾಗ ತಿರುವು ತಿರುವಿನಲ್ಲಿಯೂ ಪೆಡಲನ್ನು ತುಳಿಯುತ್ತ ಬಂದರೆ ಶಾಖ ಹೊರಹೋಗಲು ದಾರಿಯಿಲ್ಲ. ಶೂಗಳ ಲೈನಿಂಗು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಕೆಳಕೆಳಗೆ ಇಳಿಯುತ್ತದೆ. ಅನುಭವಿ ಚಾಲಕರು ಘಟ್ಟವನ್ನು ಎರಡನೆಯ ಗೇರಿನಲ್ಲಿ ಇಳಿಯುವುದು ಈ ಕಾರಣದಿಂದ. ನೀರಿನ ಹಳ್ಳವನ್ನು ದಾಟಿದ ಮೇಲೆ ಡ್ರಮ್ಮಿನೊಳಗೆ ಸೇರಿದ ನೀರು ಬೇಗ ಹೊರಬೀಳದೆ ಇನ್ನೊಂದು ಬಗೆಯ ಪೇಚಾಟವನ್ನು ತರುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಬೋಗುಣಿಯ ಬದಲು ಬಯಲಿಗೆ ತೆರೆದುಕೊಂಡ ತಟ್ಟೆ. ಅದನ್ನು ಇಕ್ಕಡೆಗಳಿಂದ ಪ್ಯಾಡುಗಳು ಚಿಮುಟದಂತೆ ಹಿಡಿಯುತ್ತವೆ. ಆ ಚಿಮುಟದ ಹೆಸರು ಕ್ಯಾಲಿಪರ್. ತಟ್ಟೆ ಕಾದು ದಪ್ಪಗಾದರೆ ಪ್ಯಾಡಿನ ಕಡೆಗೇ ಬರುತ್ತದೆ, ದೂರ ಹೋಗುವುದಿಲ್ಲ. ಗಾಳಿ ನೇರವಾಗಿ ತಾಗುತ್ತದೆ. ನೀರು ಸಿಡಿದು ಹೋಗುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ೧೯೦೨ರಷ್ಟು ಹಿಂದೆಯೇ ಇದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಲೋಹಕ್ಕೆ ಲೋಹ ಉಜ್ಜಿ ಅದು ಕಿರಿಚುತ್ತಿದ್ದ ಸದ್ದನ್ನು ಯಾರು ಸಹಿಸಬೇಕು? ಎರಡನೆಯ ಮಹಾಯುದ್ಧದ ಕಾಲಕ್ಕೆ ವಿಮಾನಗಳಲ್ಲಿ ಪಳಗಿ, ಅನಂತರ ಈ ವಿದ್ಯೆ ಮತ್ತೆ ನೆಲದ ಮೇಲಿನ ಗಾಡಿಗಳಿಗೆ ಬಂದಿತು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡನ್ಲಪ್ ಡಿಸ್ಕುಗಳನ್ನು ಧರಿಸಿದ್ದ ಜಾಗ್ವಾರ್ ಕಾರನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿ ಗೆದ್ದರು. ಆ ಪಂದ್ಯದ ಗೆಲುವಿನ ಸರಾಸರಿ ವೇಗ ಗಂಟೆಗೆ ನೂರು ಮೈಲಿಯನ್ನು ಮೀರಿದುದು ಅದೇ ಮೊದಲು. ಸುಮಾರು ಆರು ಕಿಲೋಮೀಟರಿನ ನೇರ ರಸ್ತೆಯ ಕೊನೆಯ ತಿರುವಿನಲ್ಲಿ, ಡ್ರಮ್ಮುಗಳ ಕಾರಿನವರು ಮೊದಲೇ ಪೆಡಲನ್ನು ತುಳಿಯಬೇಕಾಗಿದ್ದಾಗ, ಇವರು ಇನ್ನೂ ಮುಂದೆ ಹೋಗಿ ತುಳಿಯಬಹುದಾಗಿತ್ತು.

ಹಾಗಾದರೆ ಹಿಂದಿನ ಗಾಲಿಗೇಕೆ ಇಲ್ಲ?

ಇಷ್ಟೆಲ್ಲ ಗೊತ್ತಿದ್ದೂ ಫೋರ್ಡಿನವರು ಹಿಂದಿನ ಗಾಲಿಗಳಿಗೆ ಡ್ರಮ್ಮನ್ನೇ ಉಳಿಸಿದುದೇಕೆ? ಖರ್ಚು ಒಂದು ಕಾರಣ, ನಿಜ. ಇನ್ನೊಂದು ಕಾರಣವನ್ನು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರೆಲ್ಲ ಬಲ್ಲರು. ಬ್ರೇಕು ಬಿದ್ದೊಡನೆ ಎಲ್ಲರೂ ಮುಂದಕ್ಕೆ ವಾಲುವಂತೆ ಕಾರಿನ ಭಾರವೂ ಮುಂದಕ್ಕೆ ವಾಲುತ್ತದೆ. ನಿಂತಾಗ ನೂರರಲ್ಲಿ ಐವತ್ತೈದರಷ್ಟು ಭಾರ ಮುಂದಿನ ಗಾಲಿಗಳ ಮೇಲಿದ್ದರೆ, ಗಟ್ಟಿಯಾಗಿ ತಡೆದಾಗ ಆ ಪಾಲು ಎಪ್ಪತ್ತರ ಸಮೀಪಕ್ಕೆ ಏರುತ್ತದೆ. ನೆಲವನ್ನು ಹಿಡಿಯುವ ಶಕ್ತಿ ಭಾರವನ್ನು ಅನುಸರಿಸುವುದರಿಂದ ನಿಲ್ಲಿಸುವ ಕೆಲಸದ ಬಹುಭಾಗ ಮುಂದಿನ ಗಾಲಿಗಳದೇ. ಹಗುರಾದ ಹಿಂದಿನ ಗಾಲಿಗಳಿಗೆ ಬಲವಾದ ಬ್ರೇಕನ್ನು ಕೊಟ್ಟರೆ ಅವು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಜಾರುವ ಗಾಲಿಗೆ ಅಡ್ಡಕ್ಕೆ ಹಿಡಿಯುವ ಶಕ್ತಿಯಿಲ್ಲ. ಕಾರಿನ ಹಿಂಭಾಗ ಪಕ್ಕಕ್ಕೆ ಹೊರಳಿ ಮುಂಭಾಗವನ್ನು ಹಿಂದೆ ಹಾಕಲು ನೋಡುತ್ತದೆ. ಮುಂದಿನ ಗಾಲಿಗಳು ಜಾರಿದರೆ ಕಾರು ನೇರವಾಗಿ ಸಾಗೀತು. ಹಿಂದಿನವು ಮೊದಲು ಜಾರಿದರೆ ಬುಗುರಿಯಾಗುತ್ತದೆ.

ಡ್ರಮ್ಮನ್ನು ಹಳಿಯುವವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಕ್ಯಾರಲ್ ಶೆಲ್ಬಿ ಎಂಬ ಹೆಸರಾಂತ ಪಂದ್ಯಗಾರನು ಮಸ್ಟಾಂಗನ್ನೇ ತಿದ್ದಿ ಜಿ.ಟಿ. ೩೫೦ ಎಂಬ ಕಾರನ್ನು ಮಾಡಿದಾಗ ಮುಂದೆ ಡಿಸ್ಕುಗಳನ್ನು ಹಾಕಿದನು, ಹಿಂದೆ ಅಗಲವಾದ ಡ್ರಮ್ಮುಗಳನ್ನೇ ಇಟ್ಟನು. ಆ ಕಾರು ಅಮೆರಿಕದ ಕ್ರೀಡಾಕಾರು ಪಂದ್ಯಗಳ ತನ್ನ ವರ್ಗದಲ್ಲಿ ೧೯೬೫, ೧೯೬೬, ೧೯೬೭ ಹೀಗೆ ಮೂರು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿತು. ಎಲ್ಲ ಮಸ್ಟಾಂಗುಗಳಿಗೂ ನಾಲ್ಕು ಗಾಲಿಗಳಲ್ಲಿ ಡಿಸ್ಕ್ ದೊರೆತುದು ೧೯೯೪ರ ಮಾದರಿಯಿಂದ, ಎಂದರೆ ಕಾರು ಹುಟ್ಟಿದ ಮೂವತ್ತು ವರ್ಷಗಳ ಮೇಲೆ. ಇಂದಿನ ವಿದ್ಯುತ್ ಕಾರುಗಳಲ್ಲಿಯೂ ಫೋಕ್ಸ್‌ವ್ಯಾಗನ್ ಐ.ಡಿ. ೩, ಐ.ಡಿ. ೪ರಂತಹವು ಹಿಂದೆ ಡ್ರಮ್ಮನ್ನೇ ಇಟ್ಟುಕೊಂಡು ಬಂದಿವೆ.

ಆದುದರಿಂದ ಹಿಂದಿನ ಡಿಸ್ಕಿನಿಂದ ಕಾರು ಅರ್ಧ ದೂರದಲ್ಲಿಯೇ ನಿಂತುಬಿಡುತ್ತದೆ ಎಂಬ ಆಸೆ ಬೇಡ. ಒಂದೇ ಸಲ ನಿಲ್ಲಿಸುವಾಗ ಹೆಚ್ಚಿನ ವ್ಯತ್ಯಾಸ ಕಾಣದು. ಇಳಿಜಾರಿನಲ್ಲಿ ಮತ್ತೆ ಮತ್ತೆ ತಡೆಯುವಾಗ, ಮಳೆಯಲ್ಲಿ, ಹಾಗೂ ಹತ್ತನೆಯ ಸಲವೂ ಪೆಡಲು ಮೊದಲನೆಯ ಸಲದಂತೆಯೇ ನಡೆದುಕೊಳ್ಳಬೇಕೆನ್ನುವಾಗ ಲಾಭವಿದೆ. ಹೊಸ ಮಾದರಿಯ ಗಾಲಿಯ ಕಿಂಡಿಗಳಲ್ಲಿ ಹೊಳೆಯುವ ತಟ್ಟೆ ಚೆಂದ ಕಾಣುತ್ತದೆಂದು ಮಾಡಿಸುವವರೂ ಇದ್ದಾರೆ. ಅದು ಅವರವರ ಜೇಬಿನ ಮಾತು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ೧೯೬೫ ಮತ್ತು ೧೯೬೬ರ ಮಸ್ಟಾಂಗಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ನಾಲ್ಕು ಗಾಲಿಗಳಿಗೂ ಹೋಗುವ ದ್ರವ ಒಂದೇ ಮೂಲದಿಂದ ಹೊರಡುತ್ತದೆ. ತುಕ್ಕು ಹಿಡಿದ ಕೊಳವೆ ಎಲ್ಲಿಯೋ ಒಂದು ಕಡೆ ಸೀಳಿತೆನ್ನಿ, ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಕೊಡುತ್ತವೆ. ೧೯೬೭ರ ಮಾದರಿಯಿಂದ ಮುಂದಕ್ಕೊಂದು ಹಿಂದಕ್ಕೊಂದು ಎಂದು ಎರಡು ಕೋಣೆಗಳ ಸಿಲಿಂಡರ್ ಬಂದಿತು. ೧೯೬೮ರ ಜನವರಿಯಿಂದ ಅಮೆರಿಕದಲ್ಲಿ ಅದು ಕಾನೂನೇ ಆಯಿತು. ಹಳೆಯ ಒಂಟಿ ಸಿಲಿಂಡರನ್ನು ಹಾಗೆಯೇ ಬಿಟ್ಟು ಹಿಂದಿನ ಡಿಸ್ಕಿಗೆ ಹಣ ಸುರಿಯುವುದು ಬುಡದಲ್ಲಿ ಗೆದ್ದಲು ಹಿಡಿದ ಬಾಗಿಲಿಗೆ ಹಿತ್ತಾಳೆಯ ಚಿಲಕ ಹಾಕಿಸಿದಂತೆ. ಮೊದಲು ಎರಡು ಕೋಣೆಯ ಸಿಲಿಂಡರ್, ಆಮೇಲೆ ಮುಂದಿನ ಡಿಸ್ಕ್, ಕಟ್ಟಕಡೆಗೆ ಹಿಂದಿನದು: ಇದೇ ಸರಿಯಾದ ಕ್ರಮವೆಂದು ನಮ್ಮ ಅಭಿಪ್ರಾಯ. ನಾಲ್ಕು ಕಡೆಯೂ ಡ್ರಮ್ಮಿರುವ ನಮ್ಮ ಹಳೆಯ ಅಂಬಾಸಿಡರುಗಳ ಒಡೆಯರಿಗೂ ಈ ಮಾತು ಸಲ್ಲುತ್ತದೆ.

ಕೆಲಸದ ಮನೆಯಲ್ಲಿ

ಮುಂಚೆ ಈ ಕೆಲಸಕ್ಕೆ ಗುಜರಿಯೇ ಗತಿಯಾಗಿತ್ತು. ೧೯೭೭ರಿಂದ ೧೯೮೦ರವರೆಗೆ ಬಂದ ಲಿಂಕನ್ ವರ್ಸೇಲ್ಸ್ ಎಂಬ ಸಿರಿವಂತರ ಕಾರಿನಲ್ಲಿ ಹಿಂದೆ ಡಿಸ್ಕುಗಳಿದ್ದವು. ಅದರ ಹಿಂದಿನ ಅಚ್ಚನ್ನು ಹುಡುಕಿ ತಂದು ಹೊಂದಿಸುತ್ತಿದ್ದರು. ಅನಂತರ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯ ಅಚ್ಚುಗಳು ಆ ಸ್ಥಾನಕ್ಕೆ ಬಂದವು. ಈಗ ತಟ್ಟೆ, ಕ್ಯಾಲಿಪರ್, ಹಿಡಿಕೆಯ ಫಲಕ, ತಂತಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಕೊಳ್ಳುವ ಮುನ್ನ ಎರಡು ವಿಷಯ ನೋಡಬೇಕು. ಆರು ಸಿಲಿಂಡರಿನ ಕಾರಿನ ಗಾಲಿಗೆ ನಾಲ್ಕು ಬೋಲ್ಟು, ಎಂಟರದಕ್ಕೆ ಐದು. ಪೆಟ್ಟಿಗೆಗಳು ಬಹುತೇಕ ಐದರದಕ್ಕೇ ಹೊಂದುವಂಥವು. ಎರಡನೆಯದು, ಕಾರಿನ ಮೂಲ ೧೪ ಅಂಗುಲದ ಗಾಲಿಯೊಳಗೆ ಹೊಸ ಕ್ಯಾಲಿಪರ್ ಹಿಡಿಸದೆ ೧೫ ಅಂಗುಲದ ಗಾಲಿಗಳನ್ನು ಕೊಳ್ಳಬೇಕಾಗಿ ಬರುವುದುಂಟು. ಸಾವಿರಗಟ್ಟಲೆಯ ಖರ್ಚು ಲಕ್ಷಕ್ಕೆ ಏರುವುದು ಇಂತಹ ಕಡೆಗಳಲ್ಲಿ.

ಕಾರನ್ನು ಎತ್ತಿದ ಮೇಲೆ ಜಾಕನ್ನು ನಂಬದೆ ಅಚ್ಚಿನ ಕೆಳಗೆ ಗಟ್ಟಿಯಾದ ಆನಿಕೆಗಳನ್ನು ಕೊಡಬೇಕು. ಕಳಚುವುದು ಹಿಂದಿನ ಬ್ರೇಕನ್ನೇ ಆದುದರಿಂದ ಕೈಬ್ರೇಕೂ ಇರುವುದಿಲ್ಲ. ಮುಂದಿನ ಗಾಲಿಗಳಿಗೆ ಅಡೆಗಲ್ಲು ಬೇಕೇ ಬೇಕು. ಡ್ರಮ್ಮನ್ನು ತೆಗೆದಾಗ ಒಳಗೆ ಕಪ್ಪು ಧೂಳು ಕಾಣುತ್ತದೆ. ಇದನ್ನು ಎಂದಿಗೂ ಊದಬಾರದು, ಗಾಳಿಯ ಪಂಪಿನಿಂದ ಹಾರಿಸಬಾರದು. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಹಲವು ವರ್ಷಗಳ ಮೇಲೆ ಕ್ಯಾನ್ಸರಾಗಿ ಕಾಡಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ದೂರ ಮಾಡಬೇಕು. ಮಕ್ಕಳನ್ನು ಆ ಹೊತ್ತು ಹತ್ತಿರ ಬಿಡಬಾರದು.

ಎಂಟು ಸಿಲಿಂಡರಿನ ಮಸ್ಟಾಂಗಿನಲ್ಲಿ ಅಚ್ಚಿನ ದಂಡವನ್ನು ಹಿಡಿದಿರುವುದು ಹೊರತುದಿಯ ನಾಲ್ಕು ನಟ್ಟುಗಳು. ದಂಡದ ಅಗಲವಾದ ತುದಿಯಲ್ಲಿ ಒಂದು ತೂತಿದೆ. ಅದರೊಳಗಿಂದ ಪಾನಾ ತೂರಿಸಿ, ದಂಡವನ್ನು ತಿರುಗಿಸುತ್ತ ಒಂದೊಂದೇ ನಟ್ಟನ್ನು ಬಿಚ್ಚಬಹುದು. ದಂಡ ಹೊರಬಂದ ಮೇಲೆ ಶೂಗಳನ್ನು ಹೊತ್ತಿದ್ದ ತಗಡಿನ ಫಲಕವೂ ಬರುತ್ತದೆ. ಅದರ ಜಾಗದಲ್ಲಿ ಕ್ಯಾಲಿಪರಿನ ಫಲಕ ಕೂರುತ್ತದೆ. ಇಲ್ಲಿ ದಪ್ಪದ ಲೆಕ್ಕವನ್ನು ಮರೆಯಬಾರದು. ಹಳೆಯ ಫಲಕದ ದಪ್ಪವನ್ನು ಗಣಿಸಿಯೇ ಬೇರಿಂಗಿನ ಅದುಮುಪಟ್ಟಿಯನ್ನು ಮಾಡಿರುತ್ತಾರೆ. ಹೊಸ ಫಲಕ ತೆಳುವಾಗಿದ್ದರೆ ಅಥವಾ ದಪ್ಪವಾಗಿದ್ದರೆ ಬೇರಿಂಗ್ ಬಿಗಿಯಾಗಿ ಕೂರದೆ ದಂಡ ಒಳಗೂ ಹೊರಗೂ ಆಡತೊಡಗುತ್ತದೆ. ದಂಡದೊಡನೆ ತಟ್ಟೆಯೂ ಆಡಿ, ತಿರುವುಗಳಲ್ಲಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಪೆಡಲನ್ನು ತುಳಿದಾಗ ಮೊದಲ ತುಳಿತ ಪೊಳ್ಳಾಗಿ ಹೋಗುತ್ತದೆ. ಪೆಟ್ಟಿಗೆಯೊಡನೆ ಬಂದ ತೆಳುಬಿಲ್ಲೆಗಳನ್ನು ಮಿಕ್ಕಿತೆಂದು ಎಸೆಯುವವರಿಗೆ ಕಾದಿರುವ ಫಲ ಇದು.

ಕ್ಯಾಲಿಪರುಗಳಲ್ಲಿ ಎಡ ಬಲ ಎಂದುಂಟು. ಗಾಳಿ ತೆಗೆಯುವ ತಿರುಪು ಮೇಲುಗಡೆಗೆ ಇರಬೇಕು. ಅದಲುಬದಲಾದರೆ ತಿರುಪು ಕೆಳಗಾಗುತ್ತದೆ. ಗಾಳಿ ಮೇಲಿನ ಮೂಲೆಯಲ್ಲಿ ಸಿಕ್ಕಿಕೊಂಡು, ದಿನವಿಡೀ ಪಂಪು ಮಾಡಿದರೂ ಪೆಡಲು ಸ್ಪಂಜಿನಂತೆಯೇ ಉಳಿಯುತ್ತದೆ.

ಈಗ ಯಾರ ಕಣ್ಣಿಗೂ ಬೀಳದ ಪುಟ್ಟ ಶತ್ರುವಿನ ವಿಚಾರ. ಡ್ರಮ್ ಬ್ರೇಕಿನ ಕೊಳವೆಯಲ್ಲಿ, ಕಾಲನ್ನು ತೆಗೆದ ಮೇಲೂ ಚದರ ಅಂಗುಲಕ್ಕೆ ಸುಮಾರು ೧೦ ಪೌಂಡಿನಷ್ಟು ಒತ್ತಡವನ್ನು ಉಳಿಸಿಕೊಳ್ಳುವ ಕವಾಟವೊಂದು ಇರುವುದು ವಾಡಿಕೆ. ಶೂಗಳ ಸ್ಪ್ರಿಂಗುಗಳು ಬಲವಾಗಿರುವುದರಿಂದ ಅಲ್ಲಿ ಅದರಿಂದ ಬಾಧೆಯಿಲ್ಲ. ಡಿಸ್ಕಿನಲ್ಲಿ ಪ್ಯಾಡನ್ನು ಹಿಂದಕ್ಕೆಳೆಯುವ ಸ್ಪ್ರಿಂಗೇ ಇಲ್ಲ. ಆ ಹತ್ತು ಪೌಂಡು ಪ್ಯಾಡನ್ನು ತಟ್ಟೆಗೆ ಸದಾ ಒತ್ತಿ ಹಿಡಿಯುತ್ತದೆ. ಕಾರು ಓಡಿದಷ್ಟು ಹೊತ್ತೂ ಬ್ರೇಕು ಬಿದ್ದಂತೆಯೇ! ತಟ್ಟೆ ಕೆಂಡವಾಗುತ್ತದೆ. ಶಾಖ ದ್ರವಕ್ಕೆ ಇಳಿಯುತ್ತದೆ. ಹೊಸ ಡಾಟ್ ೩ ದ್ರವದ ಕುದಿಬಿಂದು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡ್ ಇರಬೇಕೆಂದು ನಿಯಮ. ಗಾಳಿಯ ತೇವವನ್ನು ಹೀರಿದ ಹಳೆಯದಕ್ಕೆ ನಿಯಮ ಕೇಳುವುದು ೧೪೦ ಮಾತ್ರ. ದ್ರವ ಕುದಿದು ಆವಿಯಾದರೆ ಪೆಡಲಿನ ಕೆಳಗೆ ಇರುವುದು ಬರಿಯ ಹಬೆ. ಈ ಕವಾಟವು ಹಲವು ಮಾಸ್ಟರ್ ಸಿಲಿಂಡರುಗಳಲ್ಲಿ ಹಿತ್ತಾಳೆಯ ಕೂರುಬಿಲ್ಲೆಯ ಹಿಂದೆ ಅಡಗಿರುವುದರಿಂದ ಹುಡುಕಿ ತೆಗೆಯಬೇಕು, ಇಲ್ಲವೆ ನಾಲ್ಕು ಡಿಸ್ಕಿಗೆಂದೇ ಮಾಡಿದ ಸಿಲಿಂಡರನ್ನು ಹಾಕಬೇಕು. ಮುಂದೆ ಡಿಸ್ಕು ಹಿಂದೆ ಡ್ರಮ್ಮು ಇದ್ದಾಗ ಮುಂದಿನದನ್ನು ಕ್ಷಣಕಾಲ ತಡೆದಿಡುತ್ತಿದ್ದ ಕವಾಟಕ್ಕೂ ಇನ್ನು ಕೆಲಸವಿಲ್ಲ.

ಮೊದಲೇ ಹೇಳಿದ ಡ್ರಮ್ಮಿನ ಸ್ವಂತ ಎಳೆತ ಡಿಸ್ಕಿಗಿಲ್ಲವಾದ್ದರಿಂದ ಒತ್ತಡ ಹೆಚ್ಚು ಬೇಕು. ಇದಕ್ಕಾಗಿ ಎಂಜಿನಿನ ನಿರ್ವಾತದಿಂದ ನಡೆಯುವ ಬೂಸ್ಟರನ್ನು ಜೋಡಿಸುವುದು ರೂಢಿ. ಬೂಸ್ಟರ್ ಬೇಡವೆನ್ನುವವರು ಮಾಸ್ಟರ್ ಸಿಲಿಂಡರಿನ ಒಳವ್ಯಾಸವನ್ನು ಕಡಿಮೆ ಇಟ್ಟು, ಪೆಡಲಿನ ಸನ್ನೆಯನ್ನು ಉದ್ದ ಮಾಡಬೇಕಾಗುತ್ತದೆ.

ಕೈಬ್ರೇಕು ಮತ್ತು ಕೊನೆಯ ಪರೀಕ್ಷೆ

ಹಿಂದಿನ ಡಿಸ್ಕಿನ ದೊಡ್ಡ ತೊಡಕು ಕೈಬ್ರೇಕು. ನಿಂತ ಕಾರನ್ನು ಹಿಡಿದು ನಿಲ್ಲಿಸುವುದರಲ್ಲಿ ಡ್ರಮ್ಮಿಗೆ ಸರಿಸಾಟಿಯಿಲ್ಲ. ಕ್ಯಾಲಿಪರಿನಲ್ಲಿ ಸನ್ನೆಯಿಂದ ತಿರುಪನ್ನು ತಿರುಗಿಸಿ ಪ್ಯಾಡನ್ನು ಒತ್ತುವ ಏರ್ಪಾಡು ಇರುತ್ತದೆ. ತಂತಿಯ ಉದ್ದ ಸ್ವಲ್ಪ ತಪ್ಪಿದರೂ ಹಿಡಿತ ಸಡಿಲ. ಎಕ್ಸ್‌ಪ್ಲೋರರಿನ ಅಚ್ಚಿನಲ್ಲಿ ತಟ್ಟೆಯ ನಡುವಿನ ಟೊಪ್ಪಿಗೆಯೊಳಗೆ ಕೈಬ್ರೇಕಿಗೆಂದೇ ಪುಟ್ಟದೊಂದು ಡ್ರಮ್ಮನ್ನು ಇಟ್ಟಿದ್ದಾರೆ! ಹೊರಗೆ ಹಾಕಿದ ಸೊಸೆಯನ್ನು ಹಿತ್ತಲ ಬಾಗಿಲಿನಿಂದ ಕರೆದುಕೊಂಡಂತಾಯಿತು. ತಂತಿಯನ್ನು ಕಳಚಿ ಹಾಕಿ, ಕೈಬ್ರೇಕಿಲ್ಲದೆಯೇ ಓಡಾಡುವ ಸಾಹಸಿಗಳ ದಾರಿಯನ್ನು ಮಾತ್ರ ಹಿಡಿಯಬಾರದು. ಕಾಲಿನ ಬ್ರೇಕು ತಪ್ಪಿದ ದಿನ ಉಳಿಯುವ ಆಸರೆ ಅದೊಂದೇ.

ನಮ್ಮ ದೇಶದಲ್ಲಿ ಇಂತಹ ಬದಲಾವಣೆಯನ್ನು ಮಾಡಿಸುವವರು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ ವಾಹನದ ಮಾರ್ಪಾಟಿಗೆ ಕಟ್ಟುಪಾಡುಗಳನ್ನು ಹಾಕಿದೆ. ಐವತ್ತು ವರ್ಷ ಮೀರಿದ ಕಾರುಗಳ ನೋಂದಣಿಗೆಂದು ೨೦೨೧ರಲ್ಲಿ ಬಂದ ನಿಯಮಗಳು ಮೂಲ ಸ್ವರೂಪವನ್ನು ಕಾಯ್ದುಕೊಂಡಿರಬೇಕೆಂದು ಕೇಳುತ್ತವೆ. ಕಳಚಿದ ಡ್ರಮ್ಮು, ಫಲಕ, ನಟ್ಟುಗಳನ್ನೆಲ್ಲ ಎಣ್ಣೆ ಸವರಿ ಕಟ್ಟಿಡುವ ಜಾಣರು ಇದಕ್ಕಾಗಿಯೇ ಹಾಗೆ ಮಾಡುತ್ತಾರೆ.

ಇನ್ನು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಪಾಲು ಹಂಚುವ ಕೆಲಸ. ಹಿಂದಿನ ಕೊಳವೆಯಲ್ಲಿ ತಿರುಗುಗುಂಡಿಯುಳ್ಳ ಕವಾಟವೊಂದನ್ನು ಕೂರಿಸಿ, ಮೊದಲು ಹಿಂದಕ್ಕೆ ಅತ್ಯಂತ ಕಡಿಮೆ ಒತ್ತಡ ಹೋಗುವಂತೆ ಇಡಬೇಕು. ಜನಸಂಚಾರವಿಲ್ಲದ ವಿಶಾಲವಾದ ಬಯಲಿನಲ್ಲಿ, ಒಣನೆಲದ ಮೇಲೆ, ಹೊರಗೊಬ್ಬ ನಿಂತು ಗಾಲಿಗಳನ್ನು ನೋಡುತ್ತಿರುವಾಗ ಗಟ್ಟಿಯಾಗಿ ತುಳಿದು ನೋಡಬೇಕು. ಸ್ವಲ್ಪ ಸ್ವಲ್ಪವಾಗಿ ಗುಂಡಿಯನ್ನು ತಿರುಗಿಸುತ್ತ, ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ಮುಂಚೆ ಕಚ್ಚಿಕೊಳ್ಳುವ ಹಂತದಲ್ಲಿ ನಿಲ್ಲಿಸಬೇಕು. ಒದ್ದೆ ನೆಲದ ಮೇಲೆ ಮಾತ್ರ ಪರೀಕ್ಷಿಸಿ ತೃಪ್ತರಾದವರು ಮೋಸಹೋಗುತ್ತಾರೆ. ಅಲ್ಲಿ ಕಾರು ನಿಧಾನವಾಗಿ ನಿಲ್ಲುವುದರಿಂದ ಭಾರ ಅಷ್ಟಾಗಿ ಮುಂದಕ್ಕೆ ವಾಲುವುದಿಲ್ಲ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ತುಳಿದಾಗಲೇ ಹಿಂಭಾಗ ತೀರ ಹಗುರಾಗಿ ಗಾಲಿಗಳು ಜಾರುವುದು.

ಹೊಸ ಪ್ಯಾಡು ಹೊಸ ತಟ್ಟೆಗಳನ್ನು ಒಂದಕ್ಕೊಂದು ಪಳಗಿಸಲು ಗಂಟೆಗೆ ಐವತ್ತು ಕಿಲೋಮೀಟರಿನಿಂದ ಹತ್ತಾರು ಸಲ ಮೆಲ್ಲಗೆ ವೇಗವಿಳಿಸಿ, ನಡುನಡುವೆ ಆರಲು ಬಿಡುವುದು ವಾಡಿಕೆ. ಬಿಸಿಯಾಗಿರುವಾಗ ಪೆಡಲನ್ನು ತುಳಿದುಕೊಂಡೇ ನಿಂತಿರಬಾರದು. ಮನೆಗೆ ಬಂದ ಮೇಲೆ ನಾಲ್ಕು ಗಾಲಿಗಳ ಹತ್ತಿರವೂ ಕೈಯೊಡ್ಡಿ ನೋಡಬೇಕು. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಅಲ್ಲಿ ಪ್ಯಾಡು ಎಳೆಯುತ್ತಿದೆ. ಮರುದಿನ ಬೆಳಗ್ಗೆ ಕಾರಿನ ಕೆಳಗೆ ಹಾಸಿದ ಹಳೆಯ ವೃತ್ತಪತ್ರಿಕೆಯ ಮೇಲೆ ಒಂದು ಹನಿ ಕಂಡರೂ, ಸಂಸಾರ ಸಮೇತ ಹೊರಟಿದ್ದ ಪ್ರವಾಸವನ್ನು ಮುಂದಕ್ಕೆ ಹಾಕಿ ಕೊಳವೆಯ ಆ ಕೀಲನ್ನು ಮತ್ತೆ ಬಿಚ್ಚಿ ನೋಡಬೇಕು.